ಕೃತಕ ಜೀವಸೃಷ್ಟಿ: ಒಂದು ಚಾರಿತ್ರಿಕ ಪರಿಶೀಲನೆ

ಪ್ರಯೋಗಶಾಲೆಯಲ್ಲಿ ಮಾನವನು ಜೀವವನ್ನು ಸೃಷ್ಟಿಸಿದನೆಂಬ ಮಾತನ್ನು ಜಗತ್ತು ಒಂದಕ್ಕಿಂತ ಹೆಚ್ಚು ಸಲ ಕೇಳಿದೆ. ಪ್ರತಿ ಸಲವೂ ನಿಜವಾಗಿ ನಿರ್ಮಿತವಾದುದೇನು, ಜೀವಿಗಳಿಂದ ಕಡವಾಗಿ ಪಡೆದುದೇನು ಎಂಬುದನ್ನು ಬೇರ್ಪಡಿಸಿ ನೋಡುವುದು ಈ ಲೇಖನದ ಉದ್ದೇಶ. ಈ ವಿವೇಚನೆಯಿಲ್ಲದೆ ತಳಿವಿಜ್ಞಾನದ ಮುಂದಿನ ಗತಿಯನ್ನು ಕುರಿತ ಭಯವಾಗಲಿ ಭರವಸೆಯಾಗಲಿ ಸಾಧಾರವಾಗಲಾರದು.

1828ರಲ್ಲಿ ಜರ್ಮನಿಯ ಫ್ರೀಡ್ರಿಕ್ ವೋಲರನು ಮೂತ್ರದಲ್ಲಿ ದೊರೆಯುವ ಯೂರಿಯಾವನ್ನು ಪ್ರಾಣಿಯ ನೆರವಿಲ್ಲದೆ ತಯಾರಿಸಿದನು. ದೇಹದ ದ್ರವ್ಯಗಳಿಗೆ ಪ್ರಾಣಶಕ್ತಿಯೇ ಕಾರಣವೆಂಬ ಮತವು ಅಂದೇ ಕುಸಿಯಿತೆಂದು ಹೇಳುವ ವಾಡಿಕೆಯುಂಟು. ವಸ್ತುತಃ ಆ ಮತವು ಕ್ರಮೇಣ ಕ್ಷೀಣಿಸಿತು. ಅಲ್ಲದೆ, ಸಿದ್ಧವಾದುದು ಜೀವಿಯ ಒಂದು ದ್ರವ್ಯವೇ ಹೊರತು ಜೀವವಲ್ಲ.

ಎರಡನೆಯ ಘಟ್ಟದಲ್ಲಿ ನಾವು ಕಾಣುವವರು 1922ರಲ್ಲಿ ಪಂಜಾಬಿನಲ್ಲಿ ಜನಿಸಿದ ಹರಗೋಬಿಂದ ಖೊರಾನಾ ಅವರು. ವಂಶಗುಣಗಳನ್ನು ಹೊರುವ ಡಿ.ಎನ್.ಎ. ಅಣುವಿನಲ್ಲಿ ನಾಲ್ಕು ಬಗೆಯ ಘಟಕಗಳು ಅಕ್ಷರಗಳಂತೆ ಸಾಲುಗೊಂಡಿರುತ್ತವೆ. 1970ರಲ್ಲಿ ಖೊರಾನಾ ಅವರ ತಂಡವು 77 ಜೋಡಿ ಘಟಕಗಳ ಒಂದು ಜೀನನ್ನು ನಿರ್ಮಿಸಿತು. ಬಿಡಿ ತುಣುಕುಗಳನ್ನು ಬೆಸೆಯಲು ಬೇಕಾದ ಕಿಣ್ವವು ಮಾತ್ರ ಜೀವಮೂಲದಿಂದಲೇ ಬಂದಿತ್ತು. 1976ರಲ್ಲಿ ಅವರ ಮತ್ತೊಂದು ಜೀನು ಸಜೀವ ಬ್ಯಾಕ್ಟೀರಿಯಾದೊಳಗೆ ಕೆಲಸ ಮಾಡಿತು.

2010ರಲ್ಲಿ ಅಮೆರಿಕದ ಕ್ರೇಗ್ ವೆಂಟರ್ ಅವರ ಸಂಸ್ಥೆಯು ಮೈಕೋಪ್ಲಾಸ್ಮ ಎಂಬ ಬ್ಯಾಕ್ಟೀರಿಯಾದ ಸಮಗ್ರ ಡಿ.ಎನ್.ಎ.ಯನ್ನು, ಎಂದರೆ 10 ಲಕ್ಷಕ್ಕೂ ಮಿಕ್ಕ ಜೋಡಿಗಳನ್ನು, ನಿರ್ಮಿಸಿ ಅದರ ಸಮೀಪಜಾತಿಯ ಜೀವಕೋಶದಲ್ಲಿ ನೆಲೆಗೊಳಿಸಿತು. ಒಂದೇ ಒಂದು ಅಕ್ಷರ ಬಿಟ್ಟುಹೋದ ಕಾರಣ ಕಾರ್ಯವು ಹಲವು ವಾರ ಸ್ಥಗಿತವಾಗಿತ್ತು. ಕೋಶವು ಕೊನೆಗೆ ವೃದ್ಧಿಯಾಯಿತು. ಆದರೆ ಬರಹವು ಹೊಸದಾಗಿದ್ದರೂ ಮನೆ ಹಳೆಯದೇ. ಓಲೆಗರಿಯನ್ನು ಅಕ್ಷರ ತಪ್ಪದೆ ಪ್ರತಿಮಾಡಿದ ಲಿಪಿಕಾರನನ್ನು ನಾವು ಕವಿಯೆನ್ನುವುದಿಲ್ಲ. 2016ರಲ್ಲಿ ಅದೇ ಸಂಸ್ಥೆಯು ಅನಾವಶ್ಯಕವಾದುದನ್ನೆಲ್ಲ ತೆಗೆದು 473 ಜೀನುಗಳ ಕೋಶವೊಂದನ್ನು ರಚಿಸಿದಾಗ, ಅವುಗಳಲ್ಲಿ 149ರ ಕಾರ್ಯವೇನೆಂಬುದು ರಚಿಸಿದವರಿಗೇ ಅಗೋಚರವಾಗಿತ್ತು. ಬರೆಯುವ ಸಾಮರ್ಥ್ಯವು ಓದಿ ಅರ್ಥಮಾಡಿಕೊಳ್ಳುವ ಸಾಮರ್ಥ್ಯವನ್ನು ಮೀರಿ ಮುಂದೆ ಸಾಗಿದೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಇಂಥ ಅಜ್ಞಾನದ ಎದುರಿನಲ್ಲಿ ವಿಜ್ಞಾನಿಗಳು ನಡೆದುಕೊಂಡ ರೀತಿ ಒಂದೇ ತೆರನಾಗಿಲ್ಲ. ಭಿನ್ನ ಜೀವಿಗಳ ಡಿ.ಎನ್.ಎ.ಯನ್ನು ಬೆಸೆಯುವ ವಿಧಾನವು ಕೈಗೂಡಿದೊಡನೆ, 1974ರಲ್ಲಿ ಪಾಲ್ ಬರ್ಗ್ ಮತ್ತು ಅವರ ಸಹೋದ್ಯೋಗಿಗಳು ಕೆಲವು ಪ್ರಯೋಗಗಳನ್ನು ತಾವಾಗಿಯೇ ತಡೆಹಿಡಿಯುವಂತೆ ವಿಜ್ಞಾನಿಗಳನ್ನು ಕೋರಿದರು. 1975ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯದ ಅಸಿಲೊಮಾರ್‌ನಲ್ಲಿ ಸೇರಿದ ಸಭೆಯು ಅಪಾಯದ ತರತಮಕ್ಕೆ ತಕ್ಕ ಎಚ್ಚರಿಕೆಗಳನ್ನು ಸೂಚಿಸಿತು. ಈ ಸಂಯಮದಿಂದ ವಿಜ್ಞಾನಕ್ಕೆ ಹಾನಿಯಾಗಲಿಲ್ಲ. 1982ರಲ್ಲಿಯೇ ಬ್ಯಾಕ್ಟೀರಿಯಾದಿಂದ ಪಡೆದ ಮಾನವ ಇನ್ಸುಲಿನ್ ಮಧುಮೇಹಿಗಳ ಚಿಕಿತ್ಸೆಗೆ ಅನುಮತಿ ಪಡೆಯಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. 2018ರಲ್ಲಿ ಚೀನಾದ ಹೆ ಜಿಯಾನ್‌ಕುಯಿ ಎಂಬುವರು ಮಾನವ ಭ್ರೂಣಗಳ ಜೀನುಗಳನ್ನು ತಿದ್ದಿ, ಅವುಗಳಿಂದ ಅವಳಿ ಹೆಣ್ಣುಮಕ್ಕಳು ಜನಿಸಿದರೆಂದು ಪ್ರಕಟಿಸಿದರು. 2019ರಲ್ಲಿ ನ್ಯಾಯಾಲಯವು ಅವರಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಿತು. ಆದರೆ ಶಿಕ್ಷೆಯಿಂದ ತಿದ್ದುಪಡಿಯು ಹಿಂತಿರುಗಲಾರದು. ಒಪ್ಪಿಗೆ ಕೊಡಲಾರದ ಆ ಮಕ್ಕಳೇ ಅದರ ಫಲವನ್ನು ಹೊರಬೇಕು.

2024ರ ಡಿಸೆಂಬರಿನಲ್ಲಿ 38 ಮಂದಿ ವಿಜ್ಞಾನಿಗಳು, ಕನ್ನಡಿಯ ಬಿಂಬದಂತೆ ತಿರುಗುಮುರುಗಾದ ಅಣುಗಳಿಂದ ಬ್ಯಾಕ್ಟೀರಿಯಾವನ್ನು ನಿರ್ಮಿಸಕೂಡದೆಂದು ಎಚ್ಚರಿಸಿದರು. ಅಂಥ ಜೀವಿಯು ಮನುಷ್ಯ, ಪ್ರಾಣಿ, ಸಸ್ಯಗಳ ರಕ್ಷಣಾಶಕ್ತಿಗೆ ಸಿಕ್ಕದೆ ಹರಡಬಹುದೆಂಬುದು ಅವರ ಶಂಕೆ. 2010ರ ಕಾರ್ಯದಲ್ಲಿ ಪಾಲ್ಗೊಂಡಿದ್ದವರೂ ಆ ಗುಂಪಿನಲ್ಲಿದ್ದುದು ಗಮನಾರ್ಹ.

ನಿರ್ಜೀವ ದ್ರವ್ಯದಿಂದಲೇ ಜೀವಕೋಶವನ್ನು ಕಟ್ಟಿದ ನಿದರ್ಶನವು ನಾವು ಪರಿಶೀಲಿಸಿದ ಈ ಘಟ್ಟಗಳಲ್ಲಿ ಯಾವುದರಲ್ಲಿಯೂ ಇಲ್ಲ. ಆದುದರಿಂದ ಮಾನವನು ಸೃಷ್ಟಿಕರ್ತನಾದನೆಂಬ ಹೆಮ್ಮೆಗೆ ಚರಿತ್ರೆಯ ಆಧಾರ ಸಾಲದು. ಆದರೆ ಲಿಪಿಕಾರನ ಹೊಣೆಯೂ ಅಲ್ಪವಲ್ಲ. ಅರ್ಥವಾಗದ ಪಂಕ್ತಿಯನ್ನು ತಿದ್ದುವ ಮುನ್ನ ಲೇಖನಿಯನ್ನು ಕೆಳಗಿಡಬಲ್ಲ ವಿವೇಕವೇ, ನಮ್ಮ ಅಭಿಪ್ರಾಯದಲ್ಲಿ, ಈ ವಿದ್ಯೆಯ ಭವಿಷ್ಯವನ್ನು ನಿರ್ಣಯಿಸತಕ್ಕದ್ದು.