ಶರ್ಕರಾಪರೀಕ್ಷೆ

ರೋಗಿಯ ಮೂತ್ರದಲ್ಲಿಯಾಗಲಿ ರಕ್ತದಲ್ಲಿಯಾಗಲಿ ಗ್ಲೂಕೋಸ್ ಎಂಬ ದ್ರಾಕ್ಷಾಶರ್ಕರ ಇದೆಯೆ, ಇದ್ದರೆ ಎಷ್ಟು ಪ್ರಮಾಣದಲ್ಲಿದೆ ಎಂಬುದನ್ನು ನಿರ್ಣಯಿಸುವ ವಿಧಾನಗಳಿಗೆಲ್ಲ ಒಟ್ಟಾಗಿ ಸಲ್ಲುವ ಹೆಸರು. ದೇಹದ್ರವಗಳ ಪರೀಕ್ಷೆಗಳಲ್ಲಿ ಇದರಷ್ಟು ಹಳೆಯದೂ ಇದರಷ್ಟು ಜನಬಳಕೆಗೆ ಬಂದದ್ದೂ ಬೇರೊಂದಿಲ್ಲವೆನ್ನಬಹುದು. ನಾಲಗೆಯಿಂದ ತೊಡಗಿ, ಪ್ರನಾಳಕ್ಕೆ ಬಂದು, ಅಲ್ಲಿಂದ ಕಾಗದದ ಪಟ್ಟಿಗೂ ಕಡೆಗೆ ವಿದ್ಯುದ್ವಾರಕ್ಕೂ ಸಾಗಿದ ಇದರ ಚರಿತ್ರೆಯನ್ನು ನಿಖರತೆ ಬೆಳೆದ ಕತೆಯೆಂದು ಮಾತ್ರ ಓದಿದರೆ ಅರ್ಧ ಕೈತಪ್ಪುತ್ತದೆ. ಪರೀಕ್ಷೆಯು ವೈದ್ಯನ ಕೈಯಿಂದ ಪ್ರಯೋಗಶಾಲೆಗೂ ಪ್ರಯೋಗಶಾಲೆಯಿಂದ ರೋಗಿಯ ಕೈಗೂ ಹಸ್ತಾಂತರವಾದುದೇ ಮಿಕ್ಕ ಅರ್ಧ.

ಚರಕ ಸುಶ್ರುತ ಸಂಹಿತೆಗಳು ಇಪ್ಪತ್ತು ಬಗೆಯ ಪ್ರಮೇಹಗಳನ್ನು ಎಣಿಸಿ, ಕಫದಿಂದ ಹತ್ತು, ಪಿತ್ತದಿಂದ ಆರು, ವಾತದಿಂದ ನಾಲ್ಕು ಎಂದು ವಿಂಗಡಿಸಿ, ಅವುಗಳಲ್ಲಿ ಒಂದಕ್ಕೆ ಮಧುಮೇಹವೆಂದು ಹೆಸರಿಟ್ಟಿವೆ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಆ ಕಾಲದ ವೈದ್ಯರು ಗಮನಿಸಿದ್ದರು. ಯಾವ ಉಪಕರಣವೂ ಇಲ್ಲದ ಕಾಲದಲ್ಲಿ ಇರುವೆಯೇ ಉಪಕರಣವಾಗಿತ್ತು. ಅದೂ ತನ್ನ ಪಾಡಿಗೆ ತಾನೇ ಬಂದು ವರದಿ ಒಪ್ಪಿಸುವ ಉಪಕರಣ. ಯೂರೋಪಿನಲ್ಲಿ ಗಾಜಿನ ಪಾತ್ರೆಯಲ್ಲಿ ಮೂತ್ರವನ್ನು ಹಿಡಿದು, ಬೆಳಕಿಗೆ ಎತ್ತಿ ಬಣ್ಣವನ್ನು ನೋಡಿ ರೋಗವನ್ನು ಹೇಳುವ ಪದ್ಧತಿ ಮಧ್ಯಯುಗದುದ್ದಕ್ಕೂ ನಡೆದಿತ್ತಾದರೂ, ಸಿಹಿಯ ಮಾತನ್ನು ಅಲ್ಲಿ ಒತ್ತಿ ಹೇಳಿದವನು ಆಂಗ್ಲ ವೈದ್ಯ ಥಾಮಸ್ ವಿಲಿಸ್. 1674ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಈ ರೋಗಿಗಳ ಮೂತ್ರದ ರುಚಿಯನ್ನು ಜೇನಿಗೆ ಹೋಲಿಸಿದನು. ಅದು ಸಕ್ಕರೆಯೇ ಎಂದು ಸಾಧಿಸಲು ಇನ್ನೊಂದು ನೂರು ವರ್ಷ ಹಿಡಿಯಿತು. ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯನು ಮೂತ್ರವನ್ನು ಒಲೆಯ ಮೇಲೆ ಬತ್ತಿಸಿ, ಉಳಿದ ಬಿಳಿಯ ಗಟ್ಟಿಯು ವಾಸನೆಯಲ್ಲಿಯೂ ರುಚಿಯಲ್ಲಿಯೂ ಸಕ್ಕರೆಯಂತೆಯೇ ಇರುವುದನ್ನು 1776ರಲ್ಲಿ ವರದಿ ಮಾಡಿದನು. ಅದಕ್ಕಿಂತ ಮುಖ್ಯವಾಗಿ, ಅದೇ ರೋಗಿಗಳ ರಕ್ತದ ರಸವೂ ಸಿಹಿಯಾಗಿರುವುದನ್ನು ಕಂಡು, ಸಕ್ಕರೆ ಹುಟ್ಟುವುದು ಮೂತ್ರಪಿಂಡದಲ್ಲಲ್ಲ, ಅದು ರಕ್ತದಲ್ಲಿದ್ದು ಮೂತ್ರಕ್ಕೆ ಇಳಿದುಬರುತ್ತದೆ ಎಂದು ತರ್ಕಿಸಿದನು. ಮುಂದಿನ ಇನ್ನೂರು ವರ್ಷಗಳ ಪರೀಕ್ಷೆಗಳೆಲ್ಲ ಮೂತ್ರದಿಂದ ರಕ್ತದ ಕಡೆಗೆ ನಡೆದದ್ದು ಈ ತರ್ಕದ ಹಾದಿಯಲ್ಲಿಯೇ.

ಆ ಸಕ್ಕರೆ ದ್ರಾಕ್ಷಿಯಲ್ಲಿರುವುದೇ ಎಂದು ಫ್ರಾನ್ಸಿನ ಶೆವ್ರೆಲ್ 1815ರಲ್ಲಿ ಗುರುತಿಸಿದ ಮೇಲೆ, ಅದನ್ನು ಹಿಡಿಯುವ ರಸಾಯನಕ್ರಿಯೆಯ ಶೋಧ ಮೊದಲಾಯಿತು. ಮೂತ್ರಕ್ಕೆ ಯೀಸ್ಟನ್ನು ಬೆರಸಿ ಹುದುಗು ಏಳುವುದೇ ಎಂದು ನೋಡುವ ಕ್ರಮವೂ, ಧ್ರುವೀಕೃತ ಬೆಳಕು ಮೂತ್ರದ ಮೂಲಕ ಹಾಯುವಾಗ ಎಷ್ಟು ತಿರುಗುವುದೆಂದು ಅಳೆಯುವ ಕ್ರಮವೂ ಇದ್ದವು. ಆದರೆ ಮೊದಲನೆಯದು ನಿಧಾನ, ಎರಡನೆಯದು ದುಬಾರಿ. ಗೆದ್ದದ್ದು ತಾಮ್ರ. ನಮ್ಮ ಮಲೆನಾಡಿನ ತೋಟಿಗರು ಕೊಳೆರೋಗಕ್ಕೆ ಸುಣ್ಣದೊಡನೆ ಬೆರಸಿ ಅಡಕೆಗೊನೆಗಳಿಗೆ ಸಿಂಪಡಿಸುವ ಮೈಲುತುತ್ತವೇ ಇಲ್ಲಿಯೂ ಮೂಲದ್ರವ್ಯ. ಕ್ಷಾರದಲ್ಲಿ ಕಾದಾಗ ಗ್ಲೂಕೋಸು ನೀಲಿಯ ತಾಮ್ರಲವಣದಿಂದ ಆಮ್ಲಜನಕದ ಪಾಲನ್ನು ಸೆಳೆದುಕೊಂಡು, ಅದನ್ನು ಕೆಂಪನೆಯ ತಾಮ್ರದ ಆಕ್ಸೈಡಾಗಿ ತಳಕ್ಕಿಳಿಸುತ್ತದೆ. ಜರ್ಮನಿಯ ಟ್ರೊಮ್ಮರ್ 1841ರಲ್ಲಿ ಇದನ್ನು ಪರೀಕ್ಷೆಯ ರೂಪಕ್ಕೆ ತಂದನು. ಸ್ಟುಟ್‌ಗಾರ್ಟಿನ ಫೆಲಿಂಗ್ ಕೆಲವೇ ವರ್ಷಗಳ ತರುವಾಯ ಅದನ್ನು ಅಳತೆಗೆ ಒಗ್ಗುವಂತೆ ಸುಧಾರಿಸಿದನು. ಫೆಲಿಂಗನ ದ್ರಾವಣವನ್ನು ಎರಡು ಸೀಸೆಗಳಲ್ಲಿ ಬೇರೆ ಬೇರೆಯಾಗಿಟ್ಟು ಪರೀಕ್ಷೆಯ ಹೊತ್ತಿಗೆ ಕೂಡಿಸಬೇಕಾಗಿತ್ತು. ಅದರಲ್ಲಿದ್ದ ತೀಕ್ಷ್ಣ ಕ್ಷಾರವು ಸಕ್ಕರೆ ಅಲ್ಪವಾಗಿದ್ದರೆ ಅದನ್ನೇ ಕೆಡಿಸಿಬಿಡುತ್ತಿತ್ತು. ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್, ಇಪ್ಪತ್ತನೆಯ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ, ಆ ಕ್ಷಾರದ ಬದಲು ಸೌಮ್ಯವಾದ ಸೋಡಿಯಂ ಕಾರ್ಬೊನೇಟನ್ನೂ, ತಾಮ್ರವು ತಳಕ್ಕೆ ಇಳಿಯದಂತೆ ಹಿಡಿದಿಡಲು ಸಿಟ್ರೇಟನ್ನೂ ಸೇರಿಸಿ, ಒಂದೇ ಸೀಸೆಯಲ್ಲಿ ಬಹುಕಾಲ ಕೆಡದೆ ನಿಲ್ಲುವ ದ್ರಾವಣವನ್ನು ಮಾಡಿದನು. ಕರ್ನಾಟಕದ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ಇಂದಿಗೂ ಕಾಯಿಸುವ ನೀಲಿ ದ್ರಾವಣ ಅದೇ.

ವಿಧಾನ ಸರಳ: ಐದು ಮಿಲಿಲೀಟರು ದ್ರಾವಣಕ್ಕೆ ಎಂಟು ಹನಿ ಮೂತ್ರವನ್ನು ಹಾಕಿ ಸ್ಪಿರಿಟ್ ದೀಪದ ಮೇಲೆ ಎರಡು ನಿಮಿಷ ಕುದಿಸುವುದು, ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ, ಹಸುರಾದರೆ ಅಲ್ಪ, ಹಳದಿಯಾದರೆ ಅದಕ್ಕಿಂತ ಹೆಚ್ಚು, ಕಿತ್ತಳೆಯನ್ನು ದಾಟಿ ಇಟ್ಟಿಗೆಗೆಂಪಿಗೆ ತಿರುಗಿದರೆ ನೂರಕ್ಕೆ ಎರಡು ಭಾಗವೋ ಅದಕ್ಕೂ ಮಿಗಿಲೋ ಎಂದು ಓದುವುದು. 1922ರಲ್ಲಿ ಇನ್ಸುಲಿನ್ ಚಿಕಿತ್ಸೆ ಆರಂಭವಾದ ಬಳಿಕ ಈ ಬಣ್ಣಗಳಿಗೆ ಹೊಸ ಭಾರ ಬಂದಿತು; ಎಷ್ಟು ಮದ್ದು ಚುಚ್ಚಬೇಕೆಂಬುದನ್ನು ತೂಗಿ ನೋಡಲು ರೋಗಿಯ ಮನೆಯಲ್ಲಿ ಬೇರೆ ತಕ್ಕಡಿಯೇ ಇರಲಿಲ್ಲವಾದುದರಿಂದ, ಪ್ರನಾಳವೂ ದೀಪವೂ ಅವನ ಸಂಸಾರದ ಸಾಮಾನುಗಳಾದುವು.

ಆದರೆ ತಾಮ್ರವು ಕೇಳುವ ಪ್ರಶ್ನೆ ಒಂದು, ವೈದ್ಯನಿಗೆ ಬೇಕಾದ ಉತ್ತರ ಇನ್ನೊಂದು. ಆಮ್ಲಜನಕವನ್ನು ಸೆಳೆಯಬಲ್ಲ ವಸ್ತು ಯಾವುದಾದರೂ ಇದೆಯೆ ಎಂದಷ್ಟೇ ತಾಮ್ರಕ್ಕೆ ಕೇಳಲು ಬರುವುದರಿಂದ, ಬಾಣಂತಿಯ ಮೂತ್ರದಲ್ಲಿ ಬರುವ ಕ್ಷೀರಶರ್ಕರವೂ, ಹೆಚ್ಚಾಗಿ ಸೇವಿಸಿದ ಸಿ ಜೀವಸತ್ತ್ವವೂ ಬಣ್ಣವನ್ನು ತಿರುಗಿಸಿ ಇಲ್ಲದ ಮಧುಮೇಹವನ್ನು ಇದೆಯೆಂದು ತೋರಿಸಬಲ್ಲವು. ಎರಡನೆಯ ದೋಷ ಮೂತ್ರದ್ದೇ. ರಕ್ತದಲ್ಲಿ ಗ್ಲೂಕೋಸು ನೂರು ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಮು ಮೀರುವ ತನಕ ಮೂತ್ರಪಿಂಡಗಳು ಅದನ್ನು ಹೊರಬಿಡುವುದಿಲ್ಲ; ಉಪವಾಸದ ರಕ್ತದಲ್ಲಿ 126 ಮಿಲಿಗ್ರಾಮು ಕಂಡರೆ ಮಧುಮೇಹವೆನ್ನುವ ಇಂದಿನ ಮಾನದಂಡದಿಂದ ನೋಡಿದರೆ, ರೋಗ ಇದ್ದೂ ಮೂತ್ರವು ನಿರ್ದೋಷಿಯಂತೆ ನೀಲಿಯಾಗಿರಬಹುದು. ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿದಾಗಲಂತೂ ಮೂತ್ರಕ್ಕೆ ಹೇಳಲು ಏನೂ ಇರುವುದಿಲ್ಲ. ಮೇಲಾಗಿ ಮೂತ್ರವು ಹೇಳುವುದು ಕಳೆದ ಕೆಲವು ತಾಸುಗಳ ಸುದ್ದಿ, ಈ ಕ್ಷಣದ್ದಲ್ಲ.

ದೀಪವನ್ನು ತೊಲಗಿಸಿದುದು ಗುಳಿಗೆ. ಅಮೆರಿಕದ ಇಂಡಿಯಾನಾ ಪ್ರಾಂತದ ಎಲ್ಕ್‌ಹಾರ್ಟಿನಲ್ಲಿ, ನೀರಿಗೆ ಹಾಕಿದರೆ ಬುಸುಗುಟ್ಟಿ ಕರಗುವ ಆಲ್ಕಾ-ಸೆಲ್ಟ್‌ಸರ್ ಮಾತ್ರೆಯಿಂದ ಹೆಸರಾದ ಮೈಲ್ಸ್ ಸಂಸ್ಥೆಯ ಅಂಗವಾದ ಏಮ್ಸ್, ಅದೇ ಬುಸುಗುಟ್ಟುವ ಗುಣವನ್ನು ತಾಮ್ರಪರೀಕ್ಷೆಗೆ ಹೊಂದಿಸಿ 1941ರಲ್ಲಿ ಕ್ಲಿನಿಟೆಸ್ಟನ್ನು ಹೊರತಂದಿತು. ಐದು ಹನಿ ಮೂತ್ರ, ಹತ್ತು ಹನಿ ನೀರು, ಒಂದು ಗುಳಿಗೆ. ಗುಳಿಗೆಯೊಳಗಿನ ಸೋಡಿಯಂ ಹೈಡ್ರಾಕ್ಸೈಡು ನೀರಿನಲ್ಲಿ ಕರಗುವಾಗ ಹುಟ್ಟುವ ಶಾಖದಿಂದಲೇ ದ್ರವ ಕುದಿಯುತ್ತಿತ್ತು. ಮಿಠಾಯಿಯೆಂದು ಬಗೆದು ಅದನ್ನು ನುಂಗಿದ ಮಕ್ಕಳ ಅನ್ನನಾಳ ಸುಟ್ಟುದೂ ಉಂಟು.

ಈ ಚರಿತ್ರೆಯಲ್ಲಿ ನಿಜವಾದ ತಿರುವು ಯಾವುದೆಂದು ಕೇಳಿದರೆ, ಈ ಲೇಖಕನು ಬೆರಳು ಮಾಡುವುದು 1956ರ ಕ್ಲಿನಿಸ್ಟಿಕ್ಸ್ ಎಂಬ ಕಾಗದದ ಕಡ್ಡಿಯ ಕಡೆಗೆ. ಅದೇ ಏಮ್ಸಿನಲ್ಲಿ ಕೆಲಸಮಾಡುತ್ತಿದ್ದ ಆಲ್‌ಫ್ರೆಡ್ ಫ್ರೀ ಮತ್ತು ಹೆಲೆನ್ ಫ್ರೀ ದಂಪತಿಗಳು, ತಾಮ್ರವನ್ನೇ ಕೈಬಿಟ್ಟು ಕಿಣ್ವವನ್ನು ಹಿಡಿದರು. ಬೂಷ್ಟಿನಿಂದ ದೊರೆಯುವ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವು ಹೆಸರು ಕೂಗಿದವನಿಗೆ ಮಾತ್ರ ಬಾಗಿಲು ತೆರೆಯುವ ದ್ವಾರಪಾಲಕನಂತೆ, ಗ್ಲೂಕೋಸನ್ನು ಬಿಟ್ಟು ಕ್ಷೀರಶರ್ಕರವೇ ಮೊದಲಾದ ಇತರ ಸಕ್ಕರೆಗಳನ್ನು ಹೆಚ್ಚುಕಡಮೆ ಮುಟ್ಟುವುದೇ ಇಲ್ಲ. ಗ್ಲೂಕೋಸು ಅದರಿಂದ ಉತ್ಕರ್ಷಿತವಾಗುವಾಗ ಹೈಡ್ರೊಜನ್ ಪೆರಾಕ್ಸೈಡು ಹುಟ್ಟುತ್ತದೆ. ಪೆರಾಕ್ಸಿಡೇಸ್ ಎಂಬ ಎರಡನೆಯ ಕಿಣ್ವವು ಆ ಪೆರಾಕ್ಸೈಡನ್ನು ಬಳಸಿ ಬಣ್ಣವಿಲ್ಲದ ವರ್ಣಮೂಲವೊಂದನ್ನು ನೀಲಿಯಾಗಿಸುತ್ತದೆ. ಈ ಮೂರನ್ನೂ ಸೋಸುಕಾಗದದ ತುದಿಯಲ್ಲಿ ಒಣಗಿಸಿ, ತಿಂಗಳುಗಟ್ಟಲೆ ಕೆಡದೆ ಉಳಿಯುವಂತೆ ಮಾಡಿದುದೇ ಫ್ರೀ ದಂಪತಿಗಳ ಸಾಧನೆ. ಮೂತ್ರದಲ್ಲಿ ಅದ್ದಿ ತೆಗೆದರೆ ಮುಗಿಯಿತು. ಅದೇ ವರ್ಷ ಲಿಲ್ಲಿ ಸಂಸ್ಥೆಯೂ ಇದೇ ತತ್ತ್ವದ ಟೆಸ್‌ಟೇಪನ್ನು ಮಾರುಕಟ್ಟೆಗೆ ತಂದಿತು. ಮುಂದೆ ಅದೇ ಕಡ್ಡಿಯ ಮೇಲೆ ಪ್ರೋಟೀನು, ಕೀಟೋನು, ರಕ್ತ ಇತ್ಯಾದಿಗಳಿಗೆ ಬೇರೆ ಬೇರೆ ಚೌಕಗಳು ಬೆಳೆದುಕೊಂಡು ಇಂದಿನ ಬಹುವರ್ಣದ ಮೂತ್ರಪಟ್ಟಿಯಾಯಿತು. ಹೆಲೆನ್ ಫ್ರೀ 2021ರಲ್ಲಿ ತೀರಿಕೊಂಡಾಗ ಆಕೆಗೆ ತೊಂಬತ್ತೆಂಟು ವಯಸ್ಸು. ಒಂದು ವಿನೋದವನ್ನು ಇಲ್ಲಿ ಸೂಚಿಸಬಹುದು: ತಾಮ್ರಪರೀಕ್ಷೆಯಲ್ಲಿ ಇಲ್ಲದ ಸಕ್ಕರೆಯನ್ನು ತೋರಿಸುವ ಸಿ ಜೀವಸತ್ತ್ವವೇ, ಕಿಣ್ವಪರೀಕ್ಷೆಯಲ್ಲಿ ಹುಟ್ಟಿದ ಪೆರಾಕ್ಸೈಡನ್ನು ಕಬಳಿಸಿ ಇರುವ ಸಕ್ಕರೆಯನ್ನು ಮುಚ್ಚುತ್ತದೆ.

ರಕ್ತದ ಪರೀಕ್ಷೆ ಈ ನಡುವೆ ಪ್ರಯೋಗಶಾಲೆಯಲ್ಲಿ ತನ್ನದೇ ದಾರಿಯಲ್ಲಿ ಬೆಳೆದಿತ್ತು. ಹಾರ್ವರ್ಡಿನ ಆಟೊ ಫೋಲಿನ್ ಮತ್ತು ಚೀನದೇಶದ ಸಿಯೆನ್ ವು 1919ರಲ್ಲಿ ಪ್ರಕಟಿಸಿದ ಕ್ರಮದಲ್ಲಿ, ರಕ್ತದ ಪ್ರೋಟೀನನ್ನು ಟಂಗ್‌ಸ್ಟಿಕ್ ಆಮ್ಲದಿಂದ ಬೇರ್ಪಡಿಸಿ ಸೋಸಿ, ತಿಳಿಯಾದ ದ್ರವದಲ್ಲಿ ಸಕ್ಕರೆಯನ್ನೂ ಮಿಕ್ಕ ವಸ್ತುಗಳನ್ನೂ ಒಂದಾದಮೇಲೊಂದರಂತೆ ಅಳೆಯಬಹುದಾಗಿತ್ತು. ಅದೂ ತಾಮ್ರವನ್ನೇ ನಂಬಿದ್ದರಿಂದ ನಿಜಕ್ಕಿಂತ ತುಸು ಹೆಚ್ಚಿನ ಸಂಖ್ಯೆಯನ್ನು ಕೊಡುತ್ತಿತ್ತು. ತೆಗೆದ ರಕ್ತವನ್ನು ಹಾಗೆಯೇ ಇಟ್ಟರೆ ಅದರೊಳಗಿನ ಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುವುದರಿಂದ, ಅವುಗಳ ಬಾಯಿ ಕಟ್ಟಲು ಫ್ಲೋರೈಡು ಬೆರಸಿದ ನಳಿಕೆ ಬೇಕು. ಇಂದು ರಕ್ತಪರೀಕ್ಷಾಲಯಗಳಲ್ಲಿ ಶುಗರ್ ಪರೀಕ್ಷೆಗೆಂದು ಬೂದುಬಣ್ಣದ ಮುಚ್ಚಳದ ನಳಿಕೆಯನ್ನು ಬೇರೆಯಾಗಿ ಇಡುವುದು ಈ ಕಾರಣದಿಂದ.

ಕಿಣ್ವದ ಕಡ್ಡಿಯನ್ನು ರಕ್ತಕ್ಕೆ ಹೊಂದಿಸಿದುದು 1965ರ ಡೆಕ್ಸ್‌ಟ್ರೊಸ್ಟಿಕ್ಸ್. ಕೆಂಪು ಕಣಗಳನ್ನು ತಡೆದು ದ್ರವಾಂಶವನ್ನು ಮಾತ್ರ ಒಳಬಿಡುವ ತೆಳುಪೊರೆಯ ಮೇಲೆ ಬೆರಳಿನ ದೊಡ್ಡ ಹನಿಯೊಂದನ್ನು ಬಿಟ್ಟು, ಅರವತ್ತು ಸೆಕೆಂಡು ಎಣಿಸಿ, ನೀರಿನಿಂದ ತೊಳೆದು, ಬಣ್ಣವನ್ನು ಸೀಸೆಯ ಮೇಲಿನ ಪಟ್ಟಿಯೊಡನೆ ಹೋಲಿಸಬೇಕಾಗಿತ್ತು. ನೀಲಿಯ ಛಾಯೆಗಳು ನೋಡುವವನ ಕಣ್ಣಿಗೆ ತಕ್ಕಂತೆ ಬೇರೆಯಾಗುವುದರಿಂದ, ಪ್ರತಿಫಲಿಸಿದ ಬೆಳಕನ್ನು ಅಳೆದು ಮುಳ್ಳಿನಿಂದ ಸಂಖ್ಯೆಯನ್ನು ತೋರಿಸುವ ಯಂತ್ರವೊಂದನ್ನು ಏಮ್ಸಿನ ಆಂಟನ್ ಕ್ಲೆಮೆನ್ಸ್ ರಚಿಸಿದನು. 1970ರ ಹೊತ್ತಿಗೆ ಬಂದ ಆ ಯಂತ್ರ ಒಂದು ಕಿಲೋಗ್ರಾಮಿಗೂ ಮೇಲ್ಪಟ್ಟ ತೂಕದ್ದು, ವೈದ್ಯರಿಗೂ ಆಸ್ಪತ್ರೆಗಳಿಗೂ ಮೀಸಲಾದದ್ದು. ಹನ್ನೆರಡನೆಯ ವಯಸ್ಸಿನಿಂದ ಮಧುಮೇಹವನ್ನು ಹೊತ್ತುಬಂದಿದ್ದ ರಿಚರ್ಡ್ ಬರ್ನ್‌ಸ್ಟೈನ್ ಎಂಬ ಅಮೆರಿಕದ ಎಂಜಿನಿಯರು ರೋಗಿಯಾದುದರಿಂದ ಕೊಳ್ಳುವ ಅರ್ಹತೆಯಿಲ್ಲದೆ, ವೈದ್ಯೆಯಾಗಿದ್ದ ಹೆಂಡತಿಯ ಹೆಸರಿನಲ್ಲಿ ಅದನ್ನು ತರಿಸಿಕೊಂಡನು. ದಿನಕ್ಕೆ ಹಲವು ಬಾರಿ ತನ್ನ ರಕ್ತವನ್ನು ತಾನೇ ಅಳೆದು, ಆಹಾರವನ್ನೂ ಇನ್ಸುಲಿನ್ನನ್ನೂ ಅದಕ್ಕೆ ತಕ್ಕಂತೆ ತಿದ್ದಿ, ಫಲವನ್ನು ಬರೆದು ಕಳುಹಿಸಿದರೆ ವೈದ್ಯಪತ್ರಿಕೆಗಳು ತಿರಸ್ಕರಿಸಿದುವು. ಆಗ ಆತನು ನಡುವಯಸ್ಸಿನಲ್ಲಿ ವೈದ್ಯಶಾಲೆಗೆ ಸೇರಿ ತಾನೇ ವೈದ್ಯನಾದನು. ರೋಗಿಗೆ ತನ್ನ ರಕ್ತದ ಸಂಖ್ಯೆಯನ್ನು ಓದುವ ಅಧಿಕಾರವಿಲ್ಲವೆಂಬ ಆ ಕಾಲದ ನಂಬಿಕೆ ಇಂದು ನಗೆ ತರಿಸುತ್ತದೆಯಾದರೂ, ಆಗ ಅದು ಗಂಭೀರವಾದ ವೈದ್ಯನೀತಿಯೇ ಆಗಿತ್ತು.

ಬಣ್ಣವನ್ನೇ ಬಿಟ್ಟುಬಿಡುವ ಉಪಾಯ ಲೀಲೆಂಡ್ ಕ್ಲಾರ್ಕನದು. ರಕ್ತದ ಆಮ್ಲಜನಕವನ್ನು ಅಳೆಯುವ ವಿದ್ಯುದ್ವಾರವನ್ನು ಮೊದಲೇ ರಚಿಸಿದ್ದ ಆತನು, 1962ರಲ್ಲಿ ಚಾಂಪ್ ಲಯನ್ಸನೊಡನೆ, ಅದರ ಮೇಲೆ ಗ್ಲೂಕೋಸ್ ಆಕ್ಸಿಡೇಸನ್ನು ಪೊರೆಗಳ ನಡುವೆ ಬಂಧಿಸಿಟ್ಟರೆ, ಕಿಣ್ವವು ಬಳಸಿಕೊಂಡ ಆಮ್ಲಜನಕದಿಂದ ಸಕ್ಕರೆಯನ್ನು ಲೆಕ್ಕ ಹಾಕಬಹುದೆಂದು ತೋರಿಸಿದನು. ಇದರ ಮೇಲೆ ಕಟ್ಟಿದ ಮೊದಲ ವಾಣಿಜ್ಯಯಂತ್ರ 1975ರಲ್ಲಿ ಒಹಾಯೋದ ಯೆಲ್ಲೊ ಸ್ಪ್ರಿಂಗ್ಸಿನಿಂದ ಬಂದಿತು. ಆಮ್ಲಜನಕದ ಏರಿಳಿತಕ್ಕೆ ಉತ್ತರವೂ ಏರಿಳಿಯುವ ತೊಡಕನ್ನು ಆಕ್ಸ್‌ಫರ್ಡ್ ಮತ್ತು ಕ್ರ್ಯಾನ್‌ಫೀಲ್ಡಿನ ವಿಜ್ಞಾನಿಗಳು, ಕಬ್ಬಿಣವನ್ನೊಳಗೊಂಡ ಫೆರೋಸೀನ್ ಸಂಯುಕ್ತವನ್ನು ಎಲೆಕ್ಟ್ರಾನುಗಳ ದೂತನನ್ನಾಗಿ ನಿಯಮಿಸಿ, 1984ರಲ್ಲಿ ಕಳೆದರು. 1987ರ ಎಕ್ಸಾಕ್‌ಟೆಕ್ ಲೇಖನಿಯಷ್ಟೇ ಗಾತ್ರದ್ದಾಗಿ ಜೇಬು ಸೇರಿತು. ಈಗ ಔಷಧದಂಗಡಿಗಳಲ್ಲಿ ಮಾರುವ ಗ್ಲೂಕೋಮೀಟರುಗಳು ಬಹುಪಾಲು ಈ ವಂಶದವು.

ಇವೆಲ್ಲವೂ ಚುಚ್ಚಿದ ಕ್ಷಣದ ಸಾಕ್ಷಿಗಳು. ಪರೀಕ್ಷೆಯ ಹಿಂದಿನ ಎರಡು ದಿನ ಮಾತ್ರ ಪಥ್ಯ ಮಾಡುವ ರೋಗಿಗೆ ಅನುಕೂಲವಾದ ಸಾಕ್ಷಿಗಳೂ ಹೌದು. ಇರಾನಿನ ಸ್ಯಾಮ್ಯುಅಲ್ ರಹಬರ್ 1968ರಲ್ಲಿ ತೆಹರಾನಿನಲ್ಲಿ ಮಧುಮೇಹಿಗಳ ರಕ್ತದಲ್ಲಿ ಕಂಡ ಅಸಾಮಾನ್ಯ ಹೀಮೊಗ್ಲೋಬಿನ್ನು ಈ ಕುಂದನ್ನು ನೀಗಿತು. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಆ ಅವಧಿಯುದ್ದಕ್ಕೂ ಸಕ್ಕರೆಯು ಅದರ ಹೀಮೊಗ್ಲೋಬಿನ್ನಿಗೆ ಮೆಲ್ಲಗೆ ಅಂಟುತ್ತ ಹೋಗುವುದರಿಂದ, ಅಂಟಿದ ಭಾಗವನ್ನು ಅಳೆದರೆ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ನೂರಕ್ಕೆ 6.5 ಭಾಗ ಅಥವಾ ಹೆಚ್ಚಾದರೆ ಮಧುಮೇಹವೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಅಂಗೀಕರಿಸಿತು. ಕಣಗಳ ಆಯುಸ್ಸೇ ಏರುಪೇರಾಗುವ ರಕ್ತಹೀನತೆಗಳಲ್ಲಿ ಮಾತ್ರ ಈ ಸರಾಸರಿಯನ್ನು ನಂಬುವಂತಿಲ್ಲ. ರಕ್ತಹೀನತೆ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನವಕಾಂತ ಭಟ್ಟರ ಸಂಶೋಧನೆಯಿಂದ ಹುಟ್ಟಿದ ಅಂಗೈಯಗಲದ ಯಂತ್ರವು ಗ್ಲೂಕೋಸು, ಸಕ್ಕರೆಯಂಟಿದ ಹೀಮೊಗ್ಲೋಬಿನ್ನುಗಳ ಜೊತೆಗೆ ಒಟ್ಟು ಹೀಮೊಗ್ಲೋಬಿನ್ನನ್ನೂ ಅಳೆಯುವಂತೆ ರೂಪುಗೊಂಡಿದೆ.

1999ರಿಂದ ಈಚೆಗೆ, ಚರ್ಮದಡಿಯಲ್ಲಿ ಕೂದಲೆಳೆಯಂಥ ವಿದ್ಯುದ್ವಾರವನ್ನಿಟ್ಟು ಹಗಲಿರುಳೂ ಸಕ್ಕರೆಯನ್ನು ಅಳೆಯುವ ಸಾಧನಗಳು ಬಳಕೆಗೆ ಬಂದಿವೆ. ಅವು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಣ ದ್ರವವನ್ನು. ಅಲ್ಲಿಯ ಸಕ್ಕರೆ ರಕ್ತದ್ದಕ್ಕಿಂತ ಕೆಲವು ನಿಮಿಷ ಹಿಂದೆ ನಡೆಯುವುದರಿಂದ, ಸಕ್ಕರೆ ವೇಗವಾಗಿ ಇಳಿಯುತ್ತಿರುವಾಗ ಬೆರಳಿನ ಹನಿಗೂ ತೋಳಿನ ಸಾಧನಕ್ಕೂ ತಾಳೆಯಾಗುವುದಿಲ್ಲ. ಸೂಜಿಯೇ ಬೇಡವೆಂದು ಕಣ್ಣೀರಿನಲ್ಲಿ ಸಕ್ಕರೆಯನ್ನು ಅಳೆಯುವ ಕಣ್ಣಮಸೂರವನ್ನು ಗೂಗಲ್ ಸಂಸ್ಥೆ 2014ರಲ್ಲಿ ಘೋಷಿಸಿತ್ತು. ಕಣ್ಣೀರಿನ ಸಕ್ಕರೆಗೂ ರಕ್ತದ ಸಕ್ಕರೆಗೂ ನೆಚ್ಚಬಹುದಾದ ಹೊಂದಿಕೆ ಕಾಣದೆ ಆ ಯೋಜನೆ 2018ರಲ್ಲಿ ನಿಂತಿತು.