ಹಳೆಯ ಬೆಳ್ಳಿ ಹೇಳುವ ಚರಿತ್ರೆ

ಕೊಲ್ಲಿ ನಾಡಿನಲ್ಲಿರುವ ನಾವು ಊರಿಗೆ ಹೊರಟಾಗ ಚಿನ್ನದಂಗಡಿಗೆ ಹೋಗುತ್ತೇವೆಯೇ ಹೊರತು ಬೆಳ್ಳಿಯತ್ತ ಕಣ್ಣು ಹಾಯಿಸುವುದು ಕಡಿಮೆ. ಆದರೆ ಅಲ್ ಮನ್ಸೂರಾದ ನಮ್ಮ ಮನೆಗಳಿಗೆ ದೂರವಲ್ಲದ ಸೂಕ್ ವಾಕಿಫ್‌ನಲ್ಲಿ ಕಾಣಸಿಗುವ ಹಳೆಯ ಬೆಳ್ಳಿ ಒಡವೆಗಳಿಗೂ ನಮ್ಮ ಅಜ್ಜಿಯರ ಒಡವೆಗಳಿಗೂ ಒಂದು ನಂಟಿದೆ. ಅದು ನಾಣ್ಯದ ನಂಟು.

ಅರಬ್ ನಾಡಿನ ಬೆಡೂಯಿನ್ ಹೆಂಗಸರ ಸರ, ಕಡಗಗಳಿಗೆ ಬೇಕಾದ ಬೆಳ್ಳಿ ಬಹುಪಾಲು ಬಂದದ್ದು ನಾಣ್ಯಗಳಿಂದ. ಅವುಗಳಲ್ಲಿ ಮುಖ್ಯವಾದುದು ಸುಮಾರು 28 ಗ್ರಾಂ ತೂಗುವ ಆಸ್ಟ್ರಿಯದ ಮರಿಯಾ ಥೆರೆಸಾ ನಾಣ್ಯ. ರಾಣಿ ತೀರಿಕೊಂಡ 1780ರ ಇಸವಿಯನ್ನೇ ಹೊತ್ತು ಇದು 20ನೆಯ ಶತಮಾನದಲ್ಲೂ ಅಚ್ಚಾಗುತ್ತಿತ್ತು. ಆ ಇಸವಿಯನ್ನು ನಂಬಿ ಒಡವೆಯ ವಯಸ್ಸು ಹೇಳಲಾಗದು.

ನಮ್ಮ ರೂಪಾಯಿಯೂ ಇಲ್ಲಿ ಚಲಾವಣೆಯಲ್ಲಿತ್ತು. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿ ನಾಡಿಗೆಂದೇ ಪ್ರತ್ಯೇಕ ರೂಪಾಯಿ ನೋಟು ಹೊರಡಿಸಿತು; ಕತಾರ್ ಅದನ್ನು 1966ರಲ್ಲಿ ಬಿಟ್ಟಿತು. ಹಳೆಯ ಬೆಳ್ಳಿ ರೂಪಾಯಿ 11.66 ಗ್ರಾಂ ತೂಗುತ್ತಿತ್ತು, 12 ಪಾಲಿನಲ್ಲಿ 11 ಪಾಲು ಬೆಳ್ಳಿ. 1940ರಲ್ಲಿ ಅದು ಅರ್ಧಕ್ಕಿಳಿಯಿತು. ಲಂಬಾಣಿ ತಾಂಡಾಗಳ ಹೆಂಗಸರ ಸರಗಳಲ್ಲಿ ಇಂಥ ನಾಣ್ಯಗಳನ್ನು ನೋಡಬಹುದು. ವಿಕ್ಟೋರಿಯಾಳನ್ನು ‘ಚಕ್ರವರ್ತಿನಿ’ ಎಂದು ಕರೆದ ರೂಪಾಯಿ ಸರದಲ್ಲಿದ್ದರೆ, ಆ ಸರ ಈಗಿನ ರೂಪಕ್ಕೆ ಬಂದದ್ದು 1877ಕ್ಕೆ ಮುಂಚೆ ಅಲ್ಲ ಎಂದು ತಿಳಿಯಬಹುದು.

ನಾಣ್ಯವಿಲ್ಲದ ಡಾಬು, ವಂಕಿ, ಕಾಲ್ಗಡಗಗಳ ಗತಿಯೇನು? ಹಳೆಯ ಬೆಳ್ಳಿ ಸಂಗ್ರಹಿಸುವವರು ಮೆಚ್ಚುವ ಮೆಕ್ಸಿಕೋದ ಒಡವೆಗಳನ್ನು ನೋಡಿ. ಅಲ್ಲಿಯ ತಾಸ್ಕೋ ಊರಿನಲ್ಲಿ 1931ರಲ್ಲಿ ವಿಲಿಯಂ ಸ್ಪ್ರಾಟ್ಲಿಂಗ್ ಕಾರ್ಯಾಗಾರ ತೆರೆದ ಮೇಲೆ ಕುಶಲಕರ್ಮಿಗಳು ತಮ್ಮ ಗುರುತು ಒತ್ತುವುದು ರೂಢಿಯಾಯಿತು; 1948ರಿಂದ ಸರ್ಕಾರದ ಹದ್ದಿನ ಮುದ್ರೆಯೂ ಸೇರಿತು. ಮಾಡಿದವರು ಯಾರು, ಯಾವ ಕಾಲದ್ದು ಎಂಬುದನ್ನು ಒಡವೆಯ ಹಿಂಬದಿಯೇ ಹೇಳುತ್ತದೆ.

ನಮ್ಮ ಹಳ್ಳಿಯ ಅಕ್ಕಸಾಲಿಗರು ಸಾಮಾನ್ಯವಾಗಿ ಹೆಸರು ಒತ್ತಲಿಲ್ಲ. ಯಾರ ಮದುವೆಗೆ ಮಾಡಿಸಿದ್ದು, ಯಾವ ಊರಿನದು ಎಂಬುದು ಮನೆಯ ಹಿರಿಯರ ನೆನಪಿನಲ್ಲಷ್ಟೇ ಇದೆ. ಅವರು ಹೋದ ಮೇಲೆ ಅಂಗಡಿಯವನ ತಕ್ಕಡಿಗೆ ಅದು ಬರೀ ತೂಕ. ಕರಗಿಸಿ ಹೊಸ ದೀಪವೋ ಲೋಟವೋ ಮಾಡಿಸಿದರೆ ಅದೂ ಮುಗಿಯಿತು.

ಆದ್ದರಿಂದ ಬಂಧುಗಳೇ, ಈ ಸಲ ರಜೆಗೆ ಊರಿಗೆ ಹೋದಾಗ ಅಟ್ಟದ ಪೆಟ್ಟಿಗೆ ತೆರೆಸೋಣ. ಒಂದೊಂದು ಒಡವೆಯ ಫೋಟೋ ತೆಗೆದು, ತೊಟ್ಟವರ ಹೆಸರು, ಊರು, ಮದುವೆಯ ವರ್ಷ ಕೇಳಿ ಬರೆದಿಡೋಣ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅಜ್ಜಿಯ ಡಾಬಿನ ಜೊತೆ ಅಜ್ಜಿಯ ಹೆಸರೂ ಸಿಗಲಿ.