ಉದ್ಯೋಗದಾತರ ಸ್ವಪರಿಚಯ: ಪ್ರಕಟಣೆಯಿಂದ ಜಾಲತಾಣಕ್ಕೆ

ನೌಕರಿ ಬಯಸುವವರಿಗೆ ಕಂಪನಿಯೇ ತನ್ನ ಪರಿಚಯ ಹೇಳಿಕೊಳ್ಳುವ ರೂಢಿ ಭಾರತದಲ್ಲಿ ತೀರಾ ಹಳೆಯದಲ್ಲ. ಬಹುಕಾಲ ಆ ಹೊಣೆ ಅರ್ಜಿದಾರರದೇ ಆಗಿತ್ತು. ಬೆಂಗಳೂರಿನ ಉದ್ದಿಮೆಗಳ ಚರಿತ್ರೆಯಲ್ಲಿ ಈ ಬದಲಾವಣೆಯ ಹೆಜ್ಜೆಗಳು ಸ್ಪಷ್ಟವಾಗಿವೆ.

ಎಚ್‌ಎಎಲ್‌ 1940ರಲ್ಲಿ, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್‌ 1954ರಲ್ಲಿ ಆರಂಭವಾದವು. ಕ್ವಾರ್ಟರ್ಸ್‌, ಶಾಲೆ, ಆಸ್ಪತ್ರೆ, ಬೆಳಗಿನ ಫ್ಯಾಕ್ಟರಿ ಬಸ್ಸು ಎಲ್ಲವೂ ಊರಿನ ಕಣ್ಣೆದುರಿಗೇ ಇದ್ದುದರಿಂದ ಇವು ತಮ್ಮ ಬಗ್ಗೆ ಹೆಚ್ಚೇನೂ ಹೇಳಬೇಕಾಗಿರಲಿಲ್ಲ. ಹುದ್ದೆ, ವಿದ್ಯಾರ್ಹತೆ, ವಯೋಮಿತಿ, ವೇತನಶ್ರೇಣಿ, ಅರ್ಜಿಗೆ ಕೊನೆಯ ದಿನ ಇವಿಷ್ಟಕ್ಕೇ ಪತ್ರಿಕಾ ಪ್ರಕಟಣೆ ಮುಗಿಯುತ್ತಿತ್ತು. 1959ರ ಕಾಯ್ದೆ ಖಾಲಿ ಹುದ್ದೆಗಳ ಮಾಹಿತಿಯನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ಕೊಡುವುದನ್ನೂ ಕಡ್ಡಾಯ ಮಾಡಿತು.

ಅಂಥ ಪ್ರಕಟಣೆಗಳಲ್ಲಿ ಕಂಪನಿಯ ಧೋರಣೆ ಮುಚ್ಚುಮರೆಯಿಲ್ಲದೆ ಕಾಣುತ್ತಿತ್ತು. 1974ರಲ್ಲಿ ಟಾಟಾ ಸಮೂಹದ ಟೆಲ್ಕೊ ಹಾಕಿದ್ದ ಎಂಜಿನಿಯರ್‌ ಹುದ್ದೆಯ ಪ್ರಕಟಣೆ ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದ ಸುಧಾ ಕುಲಕರ್ಣಿ, ಮುಂದೆ ಸುಧಾ ಮೂರ್ತಿ ಎಂದು ಹೆಸರಾದವರು, ಇದನ್ನು ಪ್ರಶ್ನಿಸಿ ಜೆ.ಆರ್‌.ಡಿ. ಟಾಟಾ ಅವರಿಗೆ ಪೋಸ್ಟ್‌ಕಾರ್ಡ್‌ ಬರೆದರು. ಪುಣೆಯಲ್ಲಿ ಸಂದರ್ಶನಕ್ಕೆ ಕರೆ ಬಂತು, ನೌಕರಿಯೂ ಸಿಕ್ಕಿತು.

ಟೆಕ್ಸಾಸ್‌ ಇನ್‌ಸ್ಟ್ರುಮೆಂಟ್ಸ್‌ 1985ರಲ್ಲಿ ಬೆಂಗಳೂರಿಗೆ ಬಂತು. 1991ರ ಉದಾರೀಕರಣದ ಬಳಿಕ ಸಾಫ್ಟ್‌ವೇರ್‌ ಉದ್ಯಮ ಹಿಗ್ಗಿತು. ಒಳ್ಳೆಯ ಎಂಜಿನಿಯರುಗಳ ಮುಂದೆ ಈಗ ಹಲವು ಕಂಪನಿಗಳಿದ್ದವು, ಅಮೆರಿಕದ ದಾರಿಯೂ ತೆರೆದಿತ್ತು. ಅವರನ್ನು ಒಲಿಸಿಕೊಳ್ಳಲು ಕಂಪನಿಗಳು ಕಾಲೇಜುಗಳಿಗೇ ಹೋದವು. ಇನ್ಫೊಸಿಸ್‌ನಂಥವು ನೌಕರರಿಗೆ ಷೇರುಗಳನ್ನೂ ಕೊಟ್ಟವು. ಉದ್ಯೋಗದಾತರಿಗೂ ಬ್ರ್ಯಾಂಡ್‌ ಇರುತ್ತದೆ ಎಂಬ ವಿಚಾರವನ್ನು ಬ್ರಿಟನ್ನಿನ ಟಿಮ್‌ ಆಂಬ್ಲರ್‌ ಮತ್ತು ಸೈಮನ್‌ ಬ್ಯಾರೊ 1996ರಲ್ಲಿ ಲೇಖನವೊಂದರಲ್ಲಿ ಮಂಡಿಸಿದರು. ಮರುವರ್ಷ ಭಾರತದಲ್ಲಿ ಉದ್ಯೋಗ ಜಾಲತಾಣ ನೌಕ್ರಿ ಡಾಟ್‌ ಕಾಂ ಶುರುವಾಯಿತು.

ಕಂಪನಿಗಳ ಜಾಲತಾಣಗಳಲ್ಲಿ ಕೆರಿಯರ್ಸ್‌ ಪುಟ ಬೆಳೆದದ್ದು ಈ ಹಿನ್ನೆಲೆಯಲ್ಲಿ. ಮೊದಮೊದಲು ಅಲ್ಲಿದ್ದುದು ಹುದ್ದೆಗಳ ಪಟ್ಟಿ ಮತ್ತು ಇ-ಮೇಲ್‌ ವಿಳಾಸ. ಬರಬರುತ್ತಾ ಹಸಿರು ಕ್ಯಾಂಪಸ್‌, ಜಿಮ್‌, ತರಬೇತಿ ಕೇಂದ್ರಗಳ ಚಿತ್ರಗಳು, ನೌಕರರ ಮಾತುಗಳು, ಮಹಿಳೆಯರನ್ನು ಸ್ವಾಗತಿಸುವ ಸಾಲುಗಳು ಸೇರಿದವು. ಅದೇ ಹೊತ್ತಿಗೆ ವೇತನಶ್ರೇಣಿ ಎಷ್ಟೋ ಪುಟಗಳಿಂದ ಮರೆಯಾಯಿತು. ಈ ಕೊರತೆಯನ್ನು ಒಂದಿಷ್ಟು ತುಂಬಿದ್ದು ಗ್ಲಾಸ್‌ಡೋರ್‌. 2008ರಲ್ಲಿ ಬಂದ ಈ ತಾಣದಲ್ಲಿ ನೌಕರರು ಹೆಸರು ಹೇಳದೆ ಸಂಬಳವನ್ನೂ ಅನುಭವವನ್ನೂ ಬರೆಯತೊಡಗಿದರು.

ಹಳೆಯ ಪ್ರಕಟಣೆ ಬಿಗುವಿನದಾದರೂ ಸಂಬಳ ಎಷ್ಟೆಂದು ಹೇಳುತ್ತಿತ್ತು. ಹೊಸ ಪುಟ ಎಷ್ಟೇ ಆತ್ಮೀಯವಾಗಿದ್ದರೂ ಅದು ಜಾಹೀರಾತೇ. ಸಂಬಳ, ಕೆಲಸದ ವೇಳೆ, ನೋಟಿಸ್‌ ಅವಧಿಗಳ ಬಗ್ಗೆ ಕಂಪನಿಯನ್ನು ಕಟ್ಟಿಹಾಕುವುದು ನೇಮಕಾತಿ ಪತ್ರ. ಸಹಿ ಹಾಕುವ ಮುನ್ನ ಓದಬೇಕಾದದ್ದು ಅದನ್ನು.